ಪ್ರಮೀಳೆ ಹೇಳಿದ ಅರ್ಥ

ಆಟದ ರಂಗಸ್ಥಳಕ್ಕೆ ನಾಲ್ಕು ಕಂಬ ಬೇಕು. ನಾಲ್ಕು ಕಂಬಕ್ಕೆ ನಾಲ್ಕು ಗುಂಡಿ ಬೇಕು. ನಾವುಂದದ ನಮ್ಮ ಬೈಲಿನಲ್ಲಿ ಒಡೇರ ಮನೆಯ ಹರಕೆಯಾಟ ಇದ್ದಾಗಲೆಲ್ಲ ಆ ಗುಂಡಿ ತೋಡಿದವನು ನನ್ನಜ್ಜ. ಕೊಯ್ಲು ಮುಗಿದ ಗದ್ದೆಯ ಕೂಳೆ ಕೆತ್ತಿ ನೆಲ ಸಮ ಮಾಡುವುದು, ಕಂಬ ನಿಲ್ಲಿಸುವುದು, ಮಾವಿನ ಸೊಪ್ಪು ತರುವುದು ಎಲ್ಲ ಅವನದೇ. ಮೂಲದಾಳು ಎಂದರೆ ಹಾಗೆ. ಕೂಲಿ ಕೇಳುವ ಕೆಲಸವಲ್ಲ ಅದು. ಸಂಜೆ ಮೇಳದ ಪೆಟ್ಟಿಗೆ ಬಂದು ಚೌಕಿಯಲ್ಲಿ ಗಣಪತಿಗೆ ದೀಪ ಹಚ್ಚಿದ ಮೇಲೆ ಆ ನಾಲ್ಕು ಕಂಬಗಳ ಹತ್ತಿರ ಅವನು ಸುಳಿಯುವಂತಿರಲಿಲ್ಲ. ಎಲ್ಲರಿಗಿಂತ ಹಿಂದೆ, ಗದ್ದೆಯ ಕಂಟದ ಮೇಲೆ ನಮ್ಮ ಜಾಗ. ಅಲ್ಲಿಗೆ ವೇಷ ಬೆರಳುದ್ದ ಕಾಣುತ್ತಿತ್ತು. ಚೆಂಡೆ ಮಾತ್ರ ಎದೆಗೇ ಬಂದು ಬಡಿಯುತ್ತಿತ್ತು. ಶಬ್ದಕ್ಕೆ ಮೈಲಿಗೆ ಇಲ್ಲವಲ್ಲ.

ಆ ಕಂಟದ ಮೇಲೆ ನಿದ್ದೆಗೆಟ್ಟು ಕೂತೇ ನನ್ನ ಅಬ್ಬಿ ಪದ್ಯ ಕಲಿತದ್ದು. ಅಬ್ಬಿಗೆ ಅಕ್ಷರ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ನಟ್ಟಿಗೆ ಇಳಿದಾಗ, ಬೆನ್ನು ಬಗ್ಗಿಸಿ ಅಗೆ ಊರುತ್ತ, ಭಾಗವತರು ಹೇಳಿದ ಪದ್ಯವನ್ನೇ ಅದು ಎತ್ತಿಕೊಳ್ಳುತ್ತಿತ್ತು. ಅರ್ಧ ಮರೆತಿರುತ್ತಿತ್ತು. ಮರೆತ ಕಡೆ ತನ್ನದೇ ಮಾತು ಸೇರಿಸುತ್ತಿತ್ತು. ಉಳಿದ ಹೆಂಗಸರು ಸೊಲ್ಲು ಕೊಡುತ್ತಿದ್ದರು. ಪಡುವಲಿಂದ ಸಮುದ್ರದ ಮೊರೆತ, ಮೇಲಿಂದ ಆಸಾಡಿಯ ಮಳೆ, ನಡುವೆ ಮೊಣಕಾಲವರೆಗೆ ಕೆಸರು. ಒಡೇರು ಕೊಡೆ ಹಿಡಿದು ಕಂಟದ ಮೇಲೆ ನಿಂತು ಕೇಳುತ್ತಿದ್ದರು. ಆಟದ ದಿನ ನಾವು ಕೂರುವ ಅದೇ ಕಂಟ! ಹಾಡು ನಿಂತರೆ ನಟ್ಟಿ ನಿಧಾನವಾಗುತ್ತದೆಂದು ಅವರಿಗೆ ಗೊತ್ತಿತ್ತು. ಹಾಡು ಅವರಿಗೆ ಬೇಕಾದದ್ದು ಅಷ್ಟಕ್ಕೇ.

ಅಬ್ಬಿಯನ್ನು ‘ಅದು’ ಎಂದು ಬರೆದೆ. ತಿದ್ದಬೇಡಿ. ನಮ್ಮ ಕುಂದಾಪ್ರ ಕನ್ನಡದಲ್ಲಿ ಅಪ್ಪ ಬರುತ್ತಾನೆ, ಅಬ್ಬಿ ಬರುತ್ತದೆ. ಹೆಂಗಸು, ಮಗು, ದನ ಎಲ್ಲಕ್ಕೂ ಒಂದೇ ಕ್ರಿಯಾಪದ. ಭಾಷಾವಿಜ್ಞಾನದವರು ಇದಕ್ಕೆ ಬೇರೆ ಕಾರಣ ಹೇಳುತ್ತಾರೆ, ಪ್ರೀತಿಯ ಮಾತು ಎಂದು ಹೇಳುವವರೂ ಇದ್ದಾರೆ. ಇರಬಹುದು. ಮೂವತ್ತೇಳು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದ ನನಗೂ ‘ಅಬ್ಬಿ ಬಂದಳು’ ಎಂದರೆ ನಾಲಿಗೆಗೆ ಹಿತವಾಗುವುದಿಲ್ಲ. ಭಾಷೆಯ ಒಳಗೇ ಕೂತಿರುವ ಯಜಮಾನಿಕೆಯನ್ನು ಗುರುತಿಸುವುದು ಸುಲಭ. ಅದನ್ನು ಬಿಟ್ಟು ಅಬ್ಬಿಯನ್ನು ಕರೆಯುವುದು ಕಷ್ಟ.

ಇದನ್ನೆಲ್ಲ ನೆನೆಯಲು ಕಾರಣ ಒಂದು ಫೋನು. ಎಂಬತ್ತರ ದಶಕದಲ್ಲಿ ನನ್ನ ಜೊತೆ ಬಂಡಾಯದ ಸಭೆಗಳಿಗೆ ಬರುತ್ತಿದ್ದ ಗೆಳತಿ ಈಗ ಬೆಂಗಳೂರಿನಲ್ಲಿದ್ದಾಳೆ. ಕುರ್ದಿಶ್ ಭಾಷೆಯಲ್ಲಿ ಹೆಣ್ಣಿನ ಬಿಡುಗಡೆಯ ಬಗ್ಗೆ ಆಪೆರಾ ಕಟ್ಟಿದ್ದಾರಂತೆ ಕಣೇ, ನಮ್ಮಲ್ಲಿ ಅಂಥದ್ದು ಯಾವಾಗ ಎಂದು ಕೇಳಿದಳು. ಆಪೆರಾ ಎಂದರೆ ಮಾತಿನ ಬದಲು ಹಾಡಿನಲ್ಲೇ ನಡೆಯುವ ನಾಟಕ. ನಮ್ಮ ಪುಸ್ತಕದವರು ಗೀತನಾಟಕ ಎನ್ನುತ್ತಾರೆ. ಕೋಟದ ಶಿವರಾಮ ಕಾರಂತರು ‘ಕಿಸಾಗೋತಮಿ’ಯಂಥವನ್ನು ಬರೆದರು, ಪು.ತಿ.ನ. ‘ಅಹಲ್ಯೆ’ಯನ್ನು ಬರೆದರು. ಎರಡರಲ್ಲೂ ನಡುವೆ ನಿಂತವಳು ಹೆಣ್ಣೇ. ಒಬ್ಬಳು ಸತ್ತ ಮಗುವನ್ನು ಹೊತ್ತು ತಿರುಗಿದವಳು, ಇನ್ನೊಬ್ಬಳು ಶಾಪ ಹೊತ್ತವಳು. ಹೊರುವ ಹೆಣ್ಣನ್ನು ನಮ್ಮ ಕವಿಗಳು ಬಹಳ ಚೆನ್ನಾಗಿ ಹಾಡಿಸಿದ್ದಾರೆ.

ಕುರ್ದರಿಗೆ ಸ್ವಂತ ದೇಶವಿಲ್ಲ. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದ ಜನ. ತುರ್ಕಿಯಲ್ಲಿ 1983ರಲ್ಲಿ ಒಂದು ಕಾನೂನೇ ಮಾಡಿ ಅವರ ಭಾಷೆಯನ್ನು ಕಟ್ಟಿಹಾಕಿದ್ದರು. 1991ರಲ್ಲಿ ಅದು ರದ್ದಾಯಿತು. ಅದೇ 1991ರಲ್ಲಿ ಲೈಲಾ ಜಾನಾ ಎಂಬ ಕುರ್ದ್ ಹೆಂಗಸು ತುರ್ಕಿಯ ಸಂಸತ್ತಿಗೆ ಗೆದ್ದುಬಂದು, ಪ್ರಮಾಣವಚನದ ಕೊನೆಗೆ ತನ್ನ ಭಾಷೆಯಲ್ಲಿ ಒಂದು ಮಾತು ಸೇರಿಸಿದಳು. ಸಭೆಯಲ್ಲಿ ಗಲಾಟೆಯೋ ಗಲಾಟೆ. 1994ರಲ್ಲಿ ಸೆರೆಮನೆಗೆ ಹೋದವಳು ಹೊರಗೆ ಬಂದದ್ದು 2004ರಲ್ಲಿ. ಅವರಲ್ಲಿ ‘ದೆಂಗ್‌ಬೇಜ್’ ಎನ್ನುವ ಹಾಡುಗಾರರಿದ್ದಾರೆ. ದೆಂಗ್ ಎಂದರೆ ದನಿ, ಬೇಜ್ ಎಂದರೆ ಹೇಳುವುದು. ವಾದ್ಯವಿಲ್ಲದೆ, ಬರೇ ಗಂಟಲಿನಿಂದ ಊರ ಕತೆ, ಯುದ್ಧದ ಕತೆ, ಪ್ರೇಮದ ಕತೆ ಹೇಳುವವರು. ಹೆಂಗಸರೂ ಹಾಡುತ್ತಿದ್ದರು, ಆದರೆ ಪರಗಂಡಸರ ಎದುರು ಹಾಡಿದರೆ ಮನೆಯ ಮಾನ ಹೋಯಿತು ಎಂಬ ಲೆಕ್ಕ. ಆಯ್ಶೆ ಶಾನ್ ಎಂಬ ದೊಡ್ಡ ಗಾಯಕಿ ಹಾಡಿದ್ದಕ್ಕೇ ಮನೆಯವರಿಂದ ದೂರವಾದಳು. 1996ರಲ್ಲಿ ಸಾಯುವವರೆಗೂ ಊರಿಂದ ಊರಿಗೆ ಅಲೆದಳು.

2022ರ ಸೆಪ್ಟೆಂಬರ್ 16ರಂದು ಟೆಹ್ರಾನಿನಲ್ಲಿ ಇಪ್ಪತ್ತೆರಡು ವರ್ಷದ ಒಬ್ಬ ಹುಡುಗಿ ಸತ್ತಳು. ತಲೆವಸ್ತ್ರ ಸರಿಯಾಗಿಲ್ಲವೆಂದು ಪೊಲೀಸರು ಹಿಡಿದೊಯ್ದಿದ್ದರು. ಸರಕಾರದ ಕಾಗದದಲ್ಲಿ ಅವಳು ಮಹ್ಸಾ ಅಮೀನಿ. ಮನೆಯವರು ಕರೆಯುತ್ತಿದ್ದ ಕುರ್ದಿಶ್ ಹೆಸರು ಜೀನಾ. ಅವಳ ಊರು ಸಕ್ಕೆಜ್‌ನಲ್ಲಿ ಮಣ್ಣುಮಾಡುವಾಗ ಹೆಂಗಸರು ತಲೆವಸ್ತ್ರ ತೆಗೆದು ಕೂಗಿದರು: ‘ಜಿನ್, ಜಿಯಾನ್, ಆಜಾದಿ’. ಹೆಣ್ಣು, ಬದುಕು, ಬಿಡುಗಡೆ. ಕುರ್ದ್ ಹೆಂಗಸರ ಹೋರಾಟದಲ್ಲಿ ಮೊದಲೇ ಇದ್ದ ಆ ಕೂಗು ಅಲ್ಲಿಂದ ಲೋಕವೆಲ್ಲ ಹಬ್ಬಿತು. ನಮ್ಮ ನಾವುಂದಕ್ಕೂ ಬಂತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಅಣ್ಣನ ಮೊಬೈಲಿನಲ್ಲಿ ಅದನ್ನು ಕೇಳಿ ಬಂದು, “ಟೀಚರೇ, ಆಜಾದಿ ನಮ್ಮ ಶಬ್ದವೇ ಅಲ್ದಾ?” ಎಂದು ಕೇಳಿತು. ನಮ್ಮ ಕಾಲೊನಿಯದೇ ಹುಡುಗಿ. ಆ ಹುಡುಗಿಯ ವಿಷಯ ಮುಂದೆ ಬರುತ್ತದೆ.

ಅದೇ ವರ್ಷದ ಫೆಬ್ರವರಿಯಲ್ಲಿ ನಮ್ಮ ಕುಂದಾಪುರದ ಒಂದು ಕಾಲೇಜಿನ ಗೇಟು, ತಲೆವಸ್ತ್ರ ಹಾಕಿಕೊಂಡು ಬಂದ ಹುಡುಗಿಯರ ಮುಖದೆದುರು ಮುಚ್ಚಿಕೊಂಡಿತ್ತು. ಮಾರ್ಚ್ 15ಕ್ಕೆ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಅಲ್ಲಿ ಹಾಕು ಎಂದು ಹೊಡೆದರು, ಇಲ್ಲಿ ತೆಗೆ ಎಂದು ಗೇಟು ಹಾಕಿದರು. ಇರಾನಿನ ಹೆಂಗಸರಿಗೆ ಜೈ ಎಂದವರಲ್ಲಿ ಎಷ್ಟೋ ಮಂದಿ ಕುಂದಾಪುರದ ಗೇಟಿನ ಹೊರಗೆ ಅಳುತ್ತ ನಿಂತ ಹುಡುಗಿಯರ ಬಗ್ಗೆ ಬಾಯಿ ಬಿಡಲಿಲ್ಲ. ಆ ಹುಡುಗಿಯರ ಪರ ಮಾತಾಡಿದ ಕೆಲವರು ಇರಾನಿನ ಬಗ್ಗೆ ಬಾಯಿ ಬಿಡಲಿಲ್ಲ. ನಾನೂ ಸ್ಟಾಫ್ ರೂಮಿನಲ್ಲಿ ಎರಡನ್ನೂ ಎಷ್ಟು ಗಟ್ಟಿಯಾಗಿ ಹೇಳಿದೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕು.

ಗೆಳತಿಯ ಪ್ರಶ್ನೆಗೆ ಬರುತ್ತೇನೆ. ಗೀತನಾಟಕ ನಮ್ಮಲ್ಲಿ ಯಾವಾಗ? ಮಾರಾಯ್ತಿ, ಇಲ್ಲಿ ದೀಪಾವಳಿ ಕಳೆದರೆ ಮಳೆ ಹಿಡಿಯುವ ತನಕ ದಿನಾ ರಾತ್ರಿ ಗೀತನಾಟಕವೇ. ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ, ಕಮಲಶಿಲೆ ಮೇಳ, ಟೆಂಟು ಹಾಕುವ ಸಾಲಿಗ್ರಾಮ, ಪೆರ್ಡೂರು. ಹರಕೆಯಾಟಕ್ಕೆ ವರ್ಷಗಟ್ಟಲೆ ಮುಂಗಡ ಬುಕ್ಕಿಂಗು. ಆದರೆ ಆ ಮೇಳಗಳಲ್ಲಿ ದ್ರೌಪದಿ ಗಂಡಸು, ಸೀತೆ ಗಂಡಸು, ದಮಯಂತಿ ಗಂಡಸು. ಬಡಗಿನ ಸ್ತ್ರೀವೇಷ ಒಂದು ದೊಡ್ಡ ಕಲೆ, ಇಲ್ಲ ಎನ್ನುವುದಿಲ್ಲ. ಅರಾಟೆ ಮಂಜುನಾಥರ ವೇಷ ಕಂಡು ನಮ್ಮ ಅಬ್ಬಿಯೇ, “ಹೆಣ್ಣಾಯಿ ಹುಟ್ಟಿ ನಂಗೆ ಹಾಂಗೆ ನಡೂಕೆ ಬತ್ತಿಲ್ಲೆ” ಎಂದು ನಗುತ್ತಿತ್ತು. ನಗುವ ಮಾತೇ. ಆದರೂ ಕೇಳಬೇಕು: ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು, ಹೇಗೆ ಅಳಬೇಕು ಎಂಬುದನ್ನು ಶತಮಾನಗಟ್ಟಲೆ ಗಂಡಸರೇ ತೀರ್ಮಾನಿಸಿ, ಗಂಡಸರೇ ಆಡಿ ತೋರಿಸಿ, ಅದನ್ನು ಗದ್ದೆಯಲ್ಲಿ ಕೂತ ಹೆಂಗಸರು ನೋಡಿ ಕಲಿಯುವುದು ಎಂಥ ಶಾಲೆ?

ಈಗ ಕಾಲ ಸ್ವಲ್ಪ ಬದಲಾಗಿದೆ. ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ತೆಂಕುತಿಟ್ಟಿನ ಮೇಳಗಳಲ್ಲಿ ಗಂಡಸರ ನಡುವೆ ಕೂತು ಭಾಗವತಿಕೆ ಮಾಡಿದರು. ಭಾಗವತರೆಂದರೆ ಆಟದ ಯಜಮಾನರು; ಅವರ ಜಾಗಟೆ ನಿಂತರೆ ದೇವೇಂದ್ರನೂ ನಿಲ್ಲಬೇಕು. ಆ ಜಾಗದಲ್ಲಿ ಒಬ್ಬ ಹೆಂಗಸು ರಾತ್ರಿಯಿಡೀ ಕೂತದ್ದು ಸಣ್ಣ ಬಂಡಾಯವಲ್ಲ. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಹೆಂಗಸರದೇ ತಂಡಗಳಿವೆ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರೆ, ಹೆಣ್ಣುಮಕ್ಕಳು ಗೆಜ್ಜೆ ಕಟ್ಟುತ್ತಾರೆ. ಆದರೆ ದೇವಸ್ಥಾನದ ಹೆಸರು ಹೊತ್ತ ಮೇಳದ ಚೌಕಿ ಬೇರೆ, ಶಾಲೆಯ ವಾರ್ಷಿಕೋತ್ಸವದ ಸ್ಟೇಜು ಬೇರೆ. ಚೌಕಿಯಲ್ಲಿ ದೇವರಿದ್ದಾರೆ. ದೇವರಿದ್ದಲ್ಲಿ ತಿಂಗಳ ಲೆಕ್ಕ ಇದೆ.

ಇನ್ನೊಂದು ವಿಷಯ. ಆಟದಲ್ಲಿ ರಾಜರು, ರಾಣಿಯರು, ಋಷಿಗಳು, ರಾಕ್ಷಸರು ಎಲ್ಲರೂ ಗ್ರಂಥದ ಕನ್ನಡ ಆಡುತ್ತಾರೆ. ನಮ್ಮ ಮನೆಯ ಕುಂದಾಪ್ರ ಕನ್ನಡ ಆಡುವವನು ಒಬ್ಬನೇ, ಹಾಸ್ಯಗಾರ. ಅವನು “ಎಂತ ಮಾರಾಯ್ರೆ” ಎಂದ ಕೂಡಲೇ ಗದ್ದೆಯಿಡೀ ನಗೆ. ನಮ್ಮ ಭಾಷೆಗೆ ನಿಷೇಧ ಇಲ್ಲ, ಸೆರೆಮನೆ ಇಲ್ಲ. ಆಸಾಡಿ ಅಮಾಸೆಯ ದಿನ ಈಗ ಕುಂದಾಪ್ರ ಕನ್ನಡ ದಿನವೂ ಇದೆ, ಭಾಷಣ, ಊಟ ಎಲ್ಲ ಇದೆ. ಆದರೆ ಆ ಭಾಷೆಯಲ್ಲಿ ಅಳಲು, ಸಿಟ್ಟಾಗಲು, ನ್ಯಾಯ ಕೇಳಲು ರಂಗಸ್ಥಳದಲ್ಲಿ ಜಾಗವಿಲ್ಲ, ನಗಿಸಲು ಮಾತ್ರ ಇದೆ. ವೈದೇಹಿಯವರ ಕತೆಗಳ ಹೆಂಗಸರು ಈ ಭಾಷೆಯಲ್ಲೇ ಎದೆ ಬಿಚ್ಚಿದ್ದಾರೆ. ಅವು ಪುಸ್ತಕ, ಬೈಲಿಗೆ ಬಂದಿಲ್ಲ.

ಮತ್ತು ಚೆಂಡೆ. ಚೆಂಡೆಗೂ ಚರ್ಮವೇ, ಕೊರಗರ ಡೋಲಿಗೂ ಚರ್ಮವೇ. ಚೆಂಡೆ ರಂಗಸ್ಥಳದ ಮೇಲೆ, ಡೋಲು ಕಂಬಳಗದ್ದೆಯ ಹೊರಗೆ. ಕೊರಗರನ್ನು ಡೋಲು ಬಡಿಯಲು ಕರೆಸಿ, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನು ನಿಷೇಧಿಸಿದ್ದು 2000ದಲ್ಲಿ. ದೇಶ ಸ್ವತಂತ್ರವಾಗಿ ಐವತ್ತಮೂರು ವರ್ಷ ಕಳೆದ ಮೇಲೆ! ಚೋಮನಿಗೆ ದುಡಿ ಕೊಟ್ಟವರು ಕಾರಂತರು, 1933ರಲ್ಲಿ. ನಮ್ಮ ಬದುಕನ್ನು ಕಾದಂಬರಿ ಮಾಡಬಹುದು ಎಂದು ತೋರಿಸಿದ್ದಕ್ಕೆ ಆ ದೊಡ್ಡ ಮನುಷ್ಯನಿಗೆ ಋಣಿಯಾಗಿದ್ದೇನೆ. ಆದರೆ ಪ್ರತಿ ಸಲ ಪಾಠ ಮಾಡುವಾಗ ನನ್ನ ಕಣ್ಣು ಬೆಳ್ಳಿಯ ಮೇಲೆ. ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದವಳು, ಮನ್ವೇಲನ ಕೈಗೆ ಸಿಕ್ಕವಳು, ಮನೆಗೆ ಬಂದರೆ ಅಪ್ಪನ ಸಿಟ್ಟಿಗೆ ಸಿಕ್ಕವಳು. ಚೋಮನ ದುಃಖಕ್ಕೆ ದುಡಿ ಇದೆ. ಬೆಳ್ಳಿಯ ದುಃಖಕ್ಕೆ ಏನಿದೆ?

1974ರ ಭೂಸುಧಾರಣೆ ಬಂದಾಗ ನಮ್ಮ ಬೈಲಿನ ಗೇಣಿಯವರು ಅರ್ಜಿ ಹಾಕಿ ಗದ್ದೆ ಪಡೆದರು. ಒಳ್ಳೆಯದೇ ಆಯಿತು. ಗೇಣಿಯವರ ಕೆಳಗೆ ದುಡಿದ ಮೂಲದಾಳುಗಳ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ. ನಮಗೆ ಸಿಕ್ಕಿದ್ದು ಮನೆಯಡಿ ಜಾಗ. ಅಬ್ಬಿ ಒಡೇರನ್ನು ಬಿಟ್ಟು ಇನ್ನೊಬ್ಬರ ಗದ್ದೆಗೆ ಹೋಯಿತು, ಈಗ ಕೂಲಿಗೆ. ಪದ್ಯ ಅದೇ. ಆ ಹೊತ್ತಿಗೆ ಊರೂರಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡು ಕೇಳತೊಡಗಿತ್ತು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕಾಲೇಜು ಸೇರಿದ ಮೇಲೆ ನನ್ನ ಕೈಗೆ ಸಿಕ್ಕಿ ರಾತ್ರಿ ನಿದ್ದೆ ಬರಲಿಲ್ಲ. ಅಬ್ಬಿಗೆ ಓದಿ ಹೇಳಿದೆ. ಕೇಳಿ, “ಲಾಯ್ಕ್ ಇತ್ತ್. ಇದ್ರಗೆ ನಟ್ಟಿ ನೆಡುವವ್ರ್ ಯಾರೂ ಇಲ್ಯಾ?” ಎಂದಿತು. ಆ ದಿನ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ವಿಮರ್ಶಕರು ಹೇಳಲು ಎಷ್ಟೋ ವರ್ಷ ತೆಗೆದುಕೊಂಡದ್ದನ್ನು ಅಬ್ಬಿ ಗಂಜಿ ಬಸಿಯುತ್ತ ಹೇಳಿತ್ತು.

ಅದೇ ದಿನಗಳಲ್ಲಿ ಲಕ್ಷ್ಮೀಶನ ಜೈಮಿನಿ ಭಾರತದ ಚಂಡಿಯ ಕತೆಯನ್ನೂ ಅಬ್ಬಿಗೆ ಹೇಳಿದ್ದೆ. ಚಂಡಿ ಉದ್ದಾಲಕ ಮುನಿಯ ಹೆಂಡತಿ. ಗಂಡ ಹೇಳಿದ್ದಕ್ಕೆ ತಿರುಗುಮುರುಗು ಮಾಡುವವಳು. ಬೇಡ ಎಂದರೆ ಮಾಡುವಳು, ಮಾಡು ಎಂದರೆ ಒಲ್ಲೆ ಎನ್ನುವಳು. ಮುನಿ ಸಿಟ್ಟಾಗಿ ಕಲ್ಲಾಗು ಎಂದು ಶಪಿಸಿದ. ಮುಂದೆ ಧರ್ಮರಾಯನ ಯಾಗದ ಕುದುರೆ ಆ ಕಲ್ಲಿಗೆ ಅಂಟಿಕೊಂಡು, ಅರ್ಜುನ ಬಂದು ಮುಟ್ಟಿ, ಕಲ್ಲು ಹೆಣ್ಣಾಯಿತು. ತರಗತಿಯಲ್ಲಿ ಇದನ್ನು ನಗೆಯ ಕತೆಯಾಗಿ ಹೇಳುತ್ತಿದ್ದರು, ಹುಡುಗರು ನಗುತ್ತಿದ್ದರು. ಅಬ್ಬಿ ನಗಲಿಲ್ಲ. “ಕಲ್ ಆದ್ದಲ್ಲ ಹೆಣೆ, ಕಲ್ ಆಯಿ ಕೂಕಂಡದ್ದ್,” ಎಂದಿತು. ಸ್ವಲ್ಪ ಹೊತ್ತು ಬಿಟ್ಟು, “ಅರ್ಜುನ ಎಂತಕ್ಕೆ ಮುಟ್ಟುಕೆ ಹೋದ್ದ್? ಅದ್ರ ಹತ್ರ ಕೇಂಡ್ನಾ?” ಎಂದಿತು. ಅಷ್ಟೇ. ಒಲೆಗೆ ಕಟ್ಟಿಗೆ ಒತ್ತಿತು.

ಕಲ್ಲಿನ ಹೆಣ್ಣಿನಂತೆ ಕುದುರೆಗೆ ಅಡ್ಡಬಂದ ಇನ್ನೊಬ್ಬ ಹೆಣ್ಣು ಪ್ರಮೀಳೆ. ಅವಳ ರಾಜ್ಯದಲ್ಲಿ ಗಂಡಸರೇ ಇಲ್ಲ. ಸ್ತ್ರೀರಾಜ್ಯ. ಕುದುರೆಯನ್ನು ಕಟ್ಟಿಹಾಕಿ, ಗಾಂಡೀವ ಹಿಡಿದು ಬಂದ ಅರ್ಜುನನ ಎದುರು ನಿಲ್ಲುತ್ತಾಳೆ. ನಮ್ಮಲ್ಲಿ ಇದೇ ‘ಪ್ರಮೀಳಾರ್ಜುನ’ ಪ್ರಸಂಗ. ಕಸೆ ಸ್ತ್ರೀವೇಷ ಎನ್ನುತ್ತಾರೆ, ಸೀರೆಯನ್ನು ಕಸೆ ಹಾಕಿ ಉಟ್ಟು, ತಲೆಗೆ ಕಿರೀಟ ಇಟ್ಟು, ಬಿಲ್ಲು ಹಿಡಿದು ಕುಣಿಯುವ ವೇಷ. ನೋಡಲು ಮೈ ಜುಮ್ಮೆನ್ನುತ್ತದೆ. ಎಲ್ಲ ಸರಿ, ಕೊನೆ ಏನು? ಅರ್ಜುನ ಬಾಣ ಹೂಡುವಾಗ ಆಕಾಶದಿಂದ ಅಶರೀರವಾಣಿ. ಹೆಣ್ಣನ್ನು ಕೊಲ್ಲಬೇಡ, ಮದುವೆಯಾಗು ಎಂದು. ಅರ್ಜುನ ಒಪ್ಪುತ್ತಾನೆ. ಮಂಗಳ. ಇಡೀ ರಾಜ್ಯ ಆಳಿದವಳು ಅರ್ಜುನನ ಹೆಂಡಿರ ಪಟ್ಟಿಯ ಕೊನೆಗೆ ಒಂದು ಹೆಸರಾಗುತ್ತಾಳೆ. ಹೆಣ್ಣಿನ ಬಿಡುಗಡೆ ಬಗ್ಗೆ ನಮ್ಮಲ್ಲಿರುವ ಗೀತನಾಟಕ ಇದು. ಮೊದಲ ಮುಕ್ಕಾಲು ಭಾಗ ಅವಳದ್ದು, ಕೊನೆಯ ಕಾಲು ಭಾಗ ಆಕಾಶದ್ದು.

ಆದರೆ ಯಕ್ಷಗಾನದಲ್ಲಿ ಒಂದು ಕಿಂಡಿ ಇದೆ. ಪದ್ಯ ಕವಿಯದು, ಹಾಡುವುದು ಭಾಗವತರು. ಪದ್ಯವಾದ ಮೇಲೆ ವೇಷಧಾರಿ ಹೇಳುವ ಅರ್ಥ ಮಾತ್ರ ಎಲ್ಲೂ ಬರೆದಿಟ್ಟದ್ದಲ್ಲ. ಅದು ಆಡುವವನ ಬುದ್ಧಿ, ಆಡುವವನ ನಾಲಿಗೆ, ಆ ಹೊತ್ತಿನ ಎದೆ. ಅದೇ ಪದ್ಯಕ್ಕೆ ಒಬ್ಬ ರಾವಣ ದುಷ್ಟನಾಗುತ್ತಾನೆ, ಇನ್ನೊಬ್ಬ ರಾವಣ ನಮ್ಮ ಕಣ್ಣಲ್ಲಿ ನೀರು ತರುತ್ತಾನೆ. ಅರ್ಥ ಹೇಳುವ ಹಕ್ಕು ಯಾರಿಗಿದೆ ಎಂಬುದೇ ಅಲ್ಲಿ ಎಲ್ಲ.

2022ರ ನವೆಂಬರಿನಲ್ಲಿ ನಾನಿದ್ದ ಶಾಲೆಯಲ್ಲಿ ಹೆಣ್ಣುಮಕ್ಕಳಿಂದ ಪ್ರಮೀಳಾರ್ಜುನ ಆಡಿಸುವುದೆಂದಾಯಿತು. ಅದು ನನ್ನ ಸೇವೆಯ ಕೊನೆಯ ವರ್ಷ. ಕಲಿಸಲು ಬಂದ ಗುರುಗಳು ಹಿಂದೆ ಮೇಳದಲ್ಲಿ ತಿರುಗಾಟ ಮಾಡಿದವರು, ಮಾತು ಕಡಿಮೆ, ಕೈಯಲ್ಲಿ ಸದಾ ತಾಳ. ಎರಡು ವಾರ ನೋಡಿ ಆ ಆಜಾದಿ ಹುಡುಗಿಗೇ ಪ್ರಮೀಳೆ ಕೊಟ್ಟರು. “ಇದ್ರ ದನಿ ಕಂಟದವರೆಗೂ ಹೋಪುತ್ತ್,” ಎಂದರು. ಅವರಿಗೆ ಕಂಟದ ಅರ್ಥ ನನಗಿರುವಷ್ಟು ಗೊತ್ತಿರಲಿಲ್ಲ, ಸುಮ್ಮನೆ ಹೇಳಿದ್ದು.

ವೇಷಭೂಷಣ ಬಾಡಿಗೆಗೆ ಮಾತಾಡಿದ್ದೆವು. ಆಟಕ್ಕೆ ನಾಲ್ಕು ದಿನ ಇರುವಾಗ ಬಣ್ಣದ ಸಾಮಾನು ಕೊಡುವವರು ಬಂದು ಯಾರಿಗೆ ಯಾವ ಅಳತೆ ಎಂದು ನೋಡಿದರು. ಹುಡುಗಿಯರ ಹೆಸರು ಕೇಳಿದರು, ಮನೆ ಎಲ್ಲಿ ಎಂದು ಕೇಳಿದರು. ಪ್ರಮೀಳೆಯ ಮನೆ ಎಲ್ಲಿ ಎಂದು ಗೊತ್ತಾದ ಮೇಲೆ ನನ್ನನ್ನು ಬದಿಗೆ ಕರೆದರು. ಜಾತಿಯ ಮಾತೇ ಇಲ್ಲ. ಬಹಳ ಮರ್ಯಾದೆಯಿಂದ ಕೇಳಿದರು: “ಪೆಟ್ಗಿ ದೇವ್ರ ಎದ್ರಿಗೆ ಇಟ್ಟ್ ಪೂಜೆ ಮಾಡಿ ತಂದದ್ದ್ ಟೀಚರೇ. ಆ ಹೆಣ್ಣ್ ಅವತ್ತ್ ಹೊರಗಾಯಿಲ್ಲ ಅಂದೇಳಿ ನೀವ್ ಹೇಳ್ತ್ರಿಯಾ?”

ವೇಷ ಕಟ್ಟುವ ಹುಡುಗಿಯರು ಹನ್ನೊಂದು. ಹನ್ನೊಂದು ಹುಡುಗಿಯರಲ್ಲಿ ಒಂದರ ತಿಂಗಳ ಲೆಕ್ಕ ಮಾತ್ರ ದೇವರಿಗೆ ಬೇಕಾಯಿತು.

ಈಗ ನಾನು ಮಾಡಿದ್ದನ್ನು ಬರೆಯಬೇಕು. ಬರೆಯದಿದ್ದರೆ ಈ ಪತ್ರಿಕೆಯಲ್ಲಿ ಬರೆಯುವ ಹಕ್ಕು ನನಗಿಲ್ಲ. ಪಂಚಮ ಓದಿ ಬೆಳೆದ ನಾನು, ಮೈಕು ಹಿಡಿದು ಅಂಬೇಡ್ಕರ್ ಜಯಂತಿಯಲ್ಲಿ ಇಪ್ಪತ್ತು ಸಲ ಮಾತಾಡಿದ ನಾನು, ಅವರ ಎದುರು ಏನೂ ಹೇಳಲಿಲ್ಲ. ಕಾಂಬ ಎಂದೆ. ನಾಲ್ಕೇ ದಿನ ಇದೆ, ಆಟ ನಿಂತರೆ ಉಳಿದ ಹತ್ತು ಹುಡುಗಿಯರ ಗತಿ ಏನು, ನಿವೃತ್ತಿಯ ಕಾಗದಗಳು ಆಫೀಸಿನಲ್ಲಿವೆ, ಯಾಕೆ ಗಲಾಟೆ ಎಂದೆಲ್ಲ ಮನಸ್ಸು ಲೆಕ್ಕ ಹಾಕಿತು. ಮರುದಿನ ಹುಡುಗಿಯನ್ನು ಕರೆದು ಹೇಳಿದೆ, ಪ್ರಮೀಳೆಯ ಸಖಿಯ ಪಾತ್ರ ಚೆನ್ನಾಗಿದೆ, ಕುಣಿತ ಜಾಸ್ತಿ ಇದೆ, ನೀನು ಅದನ್ನು ಮಾಡು ಎಂದು. ಕಾರಣ ಹೇಳಲಿಲ್ಲ. ಹೇಳದಿದ್ದರೂ ಅದಕ್ಕೆ ಗೊತ್ತಾಯಿತು. ನಮ್ಮ ಮಕ್ಕಳಿಗೆ ಇಂಥದ್ದನ್ನು ಯಾರೂ ಪಾಠ ಮಾಡಬೇಕಿಲ್ಲ.

“ಸಖಿ ಆಯ್ಕ್ ಅಂದ್ರೆ ನಾ ಬತ್ತಿಲ್ಲೆ ಟೀಚರೇ,” ಎಂದಿತು. “ಪ್ರಮೀಳೆ ಪದ್ಯ ನಂಗೆ ಪೂರಾ ಬತ್ತ್.”

ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ಕಲ್ಲಿನ ಹಾಗೆ ನಿಂತಿತು. ಆ ರಾತ್ರಿ ನನಗೆ ಒಲೆಯ ಮುಂದಿನ ಅಬ್ಬಿ ಕಂಡಿತು. ಅಬ್ಬಿ ಸತ್ತು ಆಗ ಹನ್ನೆರಡು ವರ್ಷ.

ಬೆಳಿಗ್ಗೆ ಗುರುಗಳಿಗೆ ಎಲ್ಲ ಹೇಳಿದೆ. ಅವರು ತಾಳವನ್ನು ಚೀಲಕ್ಕೆ ಹಾಕಿ ಎದ್ದು ಹೋದರು. ಇವರೂ ಹೋದರು ಎಂದುಕೊಂಡೆ. ಮಧ್ಯಾಹ್ನ ರಟ್ಟು, ಬೇಗಡೆ ಕಾಗದ, ಗೋಂದು, ಮಣಿಸರ ತೆಗೆದುಕೊಂಡು ಬಂದರು. “ಪ್ರಮೀಳೆ ಕಿರೀಟ ನಾನ್ ಕಟ್ತೆ. ಉಳ್ದದ್ದ್ ಪೆಟ್ಗಿಯಂಗೆ ಇಪ್ಪುದ್ ಉಳ್ದವ್ರ್ ಹಾಕ್ಕಂಬ್ಲಿ,” ಎಂದರು. ಎರಡು ರಾತ್ರಿ ಕೂತು ಕಟ್ಟಿದರು. ಡ್ರಾಯಿಂಗ್ ಮೇಷ್ಟ್ರೂ ಸೇರಿಕೊಂಡರು. ಸೀರೆ ನನ್ನ ಪೆಟ್ಟಿಗೆಯದು, ಸೇವೆಗೆ ಸೇರಿದ ವರ್ಷ ಕೊಂಡ ಕೆಂಪು ಸೀರೆ. ಎದೆಪದಕ, ಭುಜಕೀರ್ತಿ ಎಲ್ಲ ರಟ್ಟಿನದು. ಹತ್ತಿರದಿಂದ ನೋಡಿದರೆ ರಟ್ಟು. ಕಂಟದಿಂದ ನೋಡಿದರೆ ಚಿನ್ನ.

ಆಟದ ರಾತ್ರಿ ಜನ ತುಂಬಿದ್ದರು. ಕಾಲೊನಿಯವರು ಬಂದು ಅಭ್ಯಾಸಬಲದಿಂದ ಹಿಂದೆ ನಿಂತಿದ್ದರು. ನಾನು ಹೋಗಿ ಕೈ ಹಿಡಿದು ಕರೆತಂದು ಮೂರನೇ ಸಾಲಿನ ಕುರ್ಚಿಗಳಲ್ಲಿ ಕೂರಿಸಿದೆ. ಅಷ್ಟಾದರೂ ಮಾಡಿದೆ. ಪ್ರಮೀಳೆಯ ಒಡ್ಡೋಲಗಕ್ಕೆ ಚೆಂಡೆ ಏರಿತು. ಆ ಹುಡುಗಿ ತೆರೆ ಸರಿಸಿ ಬಂದ ರೀತಿಯನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಅರಾಟೆಯವರ ನಡೆಯೂ ಅಲ್ಲ, ಇನ್ನೊಬ್ಬರದೂ ಅಲ್ಲ, ನೀರು ಹೊತ್ತು ಗುಡ್ಡ ಹತ್ತುವ ಹೆಂಗಸರ ನಡೆ ಅದರಲ್ಲಿತ್ತು. ಕುತ್ತಿಗೆ ನೆಟ್ಟಗೆ, ಹೆಜ್ಜೆ ಗಟ್ಟಿ. ಅರ್ಜುನನಾಗಿದ್ದ ಹುಡುಗಿಯೂ ಚೆನ್ನಾಗಿಯೇ ಮಾಡಿತು, ಅದರ ಬಗ್ಗೆ ಎರಡು ಮಾತಿಲ್ಲ. ಯುದ್ಧದ ಪದ್ಯಕ್ಕೆ ಇಬ್ಬರೂ ಸುತ್ತು ಹಾಕಿದಾಗ ಚಪ್ಪಾಳೆ ನಿಲ್ಲಲಿಲ್ಲ.

ಅಶರೀರವಾಣಿಯನ್ನು ಪರದೆಯ ಹಿಂದಿನಿಂದ ಒಬ್ಬರು ಮೈಕಿನಲ್ಲಿ ಹೇಳಿದರು. ಅರ್ಜುನ ಬಿಲ್ಲು ಇಳಿಸಿ, ಕಲಿಸಿದ ಅರ್ಥ ಹೇಳಿದ: ದೈವಸಂಕಲ್ಪ ಹೀಗಿದೆ, ನಿನ್ನ ಕೈ ಹಿಡಿಯುತ್ತೇನೆ ಎಂದು. ಇನ್ನು ಪ್ರಮೀಳೆ ನಾಚಿ, ತಲೆ ಬಗ್ಗಿಸಿ, ‘ಧನ್ಯಳಾದೆ’ ಎನ್ನಬೇಕು. ಹಾಗೆಂದೇ ಕಲಿಸಿದ್ದು. ನಾನೇ ಬರೆದುಕೊಟ್ಟಿದ್ದ ಅರ್ಥ ಅದು.

ಪ್ರಮೀಳೆ ತಲೆ ಬಗ್ಗಿಸಲಿಲ್ಲ. ಬಗ್ಗಿಸಿದರೆ ರಟ್ಟಿನ ಕಿರೀಟ ಬೀಳುತ್ತಿತ್ತೋ ಏನೋ ಎಂದು ಆಮೇಲೆ ನಾವು ನಕ್ಕೆವು. ಮೊದಲು ಗ್ರಂಥದ ಕನ್ನಡದಲ್ಲೇ ಶುರುಮಾಡಿತು. ಅಯ್ಯಾ ಪಾರ್ಥ, ಆಕಾಶ ನಿನ್ನೊಡನೆ ಮಾತಾಡಿತು, ನೀನು ಒಪ್ಪಿದೆ. ಒಳ್ಳೆಯದು. ಅಲ್ಲಿಗೆ ನಿಂತಿತು. ಭಾಗವತರು ತಾಳ ಎತ್ತಿ ಕಾದರು. ಮರೆತುಹೋಯಿತು ಎಂದು ನಾನು ಬದಿಯಿಂದ ‘ಧನ್ಯಳಾದೆ, ಧನ್ಯಳಾದೆ’ ಎಂದು ಪಿಸುಗುಟ್ಟಿದೆ. ಆಗ ಅರ್ಜುನನ ಮುಖ ನೋಡಿ, ಮನೆಯ ಭಾಷೆಯಲ್ಲಿ, ಗಟ್ಟಿಯಾಗಿ ಕೇಳಿತು:

“ನನ್ನ ಹತ್ರ ಯಾರ್ ಕೇಂಡ್ರ್?”

ಹಿಂದಿನ ಸಾಲಿನಲ್ಲಿ ಯಾರೋ ಅಭ್ಯಾಸದಂತೆ ನಕ್ಕರು. ಕುಂದಾಪ್ರ ಕನ್ನಡ ಬಂತಲ್ಲ, ಹಾಸ್ಯ ಎಂದುಕೊಂಡರು. ನಗೆ ಮುಂದೆ ಹೋಗಲಿಲ್ಲ. ಅರ್ಜುನ ಪಾಪ ಗುರುಗಳ ಮುಖ ನೋಡಿತು. ಗುರುಗಳೇ ಅಂದು ಭಾಗವತರು. ಅವರು ಮಂಗಳ ಪದ್ಯಕ್ಕೆ ಹೋಗಲಿಲ್ಲ. ಜಾಗಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಎಷ್ಟು ಹೊತ್ತು ಎಂದು ಹೇಳಲಾರೆ. ಸಮುದ್ರ ಕೇಳಿಸುತ್ತಿತ್ತು. ಆಮೇಲೆ ಅರ್ಜುನನಾಗಿದ್ದ ಆ ಶೆಟ್ಟರ ಮನೆಯ ಹುಡುಗಿ, ಅದಕ್ಕೆ ಯಾರು ಹೇಳಿಕೊಟ್ಟರೋ, ಕೈಜೋಡಿಸಿ, “ಹಾಂಗಾರೆ ಈಗ ಕೇಂತೆ. ಕುದ್ರಿ ಬಿಡ್ತ್ಯಾ?” ಎಂದಿತು. “ಕುದ್ರಿ ಬಿಡ್ತೆ. ನಾ ಬತ್ತಿಲ್ಲೆ,” ಎಂದಿತು ಪ್ರಮೀಳೆ. ಗುರುಗಳು ಜಾಗಟೆ ಹೊಡೆದರು.

ಮರುದಿನ ಮಾತಾಯಿತು. ಪ್ರಸಂಗ ಕೆಡಿಸಿದರು ಎಂದರು. ಲಕ್ಷ್ಮೀಶನಿಗೆ ಅವಮಾನ ಎಂದರು. ಟೀಚರೇ ಹೇಳಿಕೊಟ್ಟದ್ದು, ಅವರದ್ದು ಮೊದಲಿಂದಲೂ ಇದೇ ಬುದ್ಧಿ ಎಂದರು. ನಾನು ಹೇಳಿಕೊಟ್ಟದ್ದಲ್ಲ ಎಂದು ಎಲ್ಲಿಯೂ ಹೇಳಲಿಲ್ಲ. ಹೇಳಿಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಗುರುಗಳಿಗೆ ಎರಡು ಕಡೆ ಕಲಿಸುವ ಕೆಲಸ ತಪ್ಪಿತು. ಅವರು ಅದನ್ನು ನನಗೆ ಹೇಳಲಿಲ್ಲ, ಬೇರೆಯವರಿಂದ ಗೊತ್ತಾಯಿತು. ಹುಡುಗಿಯ ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಹೆಂಗಸು. ದಾರಿಯಲ್ಲಿ ಸಿಕ್ಕಿ, “ಅದ್ ಮನ್ಯಗೂ ಹಾಂಗೇ ಟೀಚರೇ, ಮಾತಿಗ್ ಮಾತ್,” ಎಂದು ದೂರಿತು. ದೂರುವಾಗ ಮುಖ ತುಂಬ ನಗೆ.

ಗೆಳತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು, ಬರೆದು ಕಳಿಸು ಎಂದಳು. ಬಿಡುಗಡೆಯ ಗೀತನಾಟಕ ನಾವುಂದದಲ್ಲಿ ಆಯಿತು ಎಂದು ಬರೆಯಲು ನನಗೆ ಧೈರ್ಯ ಇಲ್ಲ. ಒಂದು ಸಾಲು ಆಯಿತು.

ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಸೇರಿದ ವರ್ಷದ ಮಳೆಗಾಲದಲ್ಲಿ ಆ ಹುಡುಗಿ ನನ್ನ ಮನೆಗೆ ಬಂತು. ಕಿರೀಟ ಇತ್ತಾ ಎಂದು ಕೇಳಿತು. ಅಟ್ಟದ ಮೇಲಿಂದ ಇಳಿಸಿದೆ. ಬೇಗಡೆ ಎದ್ದಿತ್ತು, ಒಂದು ಬದಿ ಇಲಿ ಕಡಿದಿತ್ತು. ಎಲ್ಲಾದರೂ ಆಟ ಉಂಟಾ ಎಂದು ಕೇಳಿದೆ. “ಇಲ್ಲೆ ಟೀಚರೇ. ನಮ್ಮ್ ಬದಿ ಸಣ್ಣ್ ಹೆಣ್ಮಕ್ಕಳಿಗೆ ನಾನೇ ಹೆಜ್ಜಿ ಹೇಳ್ಕೊಡ್ತೆ, ಆಯ್ತವಾರ. ಅವ್ಕೆ ತೋರ್ಸ್ಕ್,” ಎಂದಿತು. ಎಷ್ಟು ಮಕ್ಕಳು ಎಂದೆ. ಆರು, ಅದರಲ್ಲಿ ಎರಡು ಕೊರಗರ ಮನೆಯವು ಎಂದಿತು. ಚೆಂಡೆಗೆ ಏನು ಮಾಡುತ್ತೀರಿ ಎಂದೆ. “ಅವ್ರ ಅಜ್ಜ ಡೋಲ್ ಬಡೀತ್ರ್. ತಾಳಕ್ಕೆ ಸಮಾ ಆತ್ತ್,” ಎಂದಿತು. ಹೊರಗೆ ಮಳೆ ಹಿಡಿದಿತ್ತು. ಕಿರೀಟಕ್ಕೆ ಒಂದು ದೊಡ್ಡ ತೊಟ್ಟೆ ಹುಡುಕಿಕೊಟ್ಟೆ. ಅದನ್ನು ಸುತ್ತಿ, ಕೊಡೆಯನ್ನು ತನಗಿಂತ ಹೆಚ್ಚಾಗಿ ಅದಕ್ಕೇ ಹಿಡಿದು, ಹೈವೇ ದಾಟಿ ಬಸ್ಸಿಗೆ ಓಡಿತು.